ಕವಲಿನಲ್ಲಿಟ್ಟ ಸೊಪ್ಪು

ನಮ್ಮ ಮೊಮ್ಮಗಳು ಬಂದಳು! ಯುರೋಪಿನಲ್ಲಿ ಎರಡು ವರ್ಷ ಓದಿ, ಪಾಸಾಗಿ, ಈ ಬೆಳಿಗ್ಗೆ ಮುರ್ಡೇಶ್ವರ ಸ್ಟೇಶನ್ನಿನಲ್ಲಿ ಇಳಿದಳು. ಶಿರಾಲಿಯ ನಮ್ಮ ಕೇರಿಯಲ್ಲಿ ಈ ಸುದ್ದಿ ಗೊತ್ತಿಲ್ಲದ ಮನೆ ಒಂದೂ ಇಲ್ಲ. ನಾನೇ ಎಲ್ಲ ಕಡೆ ಹೇಳಿ ಬಂದಿದ್ದೇನೆ.

ಚೀಲ ಬಿಚ್ಚಿ ಅವಳು ನನ್ನ ಕೈಗೆ ಮೊದಲು ಕೊಟ್ಟದ್ದು ಚಾಕಲೇಟು ಅಲ್ಲ, ಒಣಗಿದ ಒಂದು ಟೊಂಗೆ. ಸೂಜಿಯಂಥ ಎಲೆ, ಧೂಪದಂಥ ವಾಸನೆ. ಮೂಸಿದ್ದೇ ತಡ, ಕೆಳಗಿನ ಮನೆಯ ದೊಡ್ಡಮ್ಮ ಎದುರು ಬಂದು ನಿಂತ ಹಾಗಾಯಿತು…

ನಾನು ಮದುವೆಯಾಗಿ ಬಂದ ಹೊಸತು. ಗದ್ದೆಗೆ ಗೊಬ್ಬರದ ಸೊಪ್ಪು ತರಲು ದೊಡ್ಡಮ್ಮನೇ ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ದಾರಿ ಕವಲಾದಲ್ಲೆಲ್ಲ ಒಂದು ಟೊಂಗೆ ಮುರಿದು, ನಾವು ಹೋಗುವ ದಾರಿಯಲ್ಲಿಟ್ಟು, ಮೇಲೊಂದು ಕಲ್ಲು ಹೇರುತ್ತಿದ್ದಳು.

“ಇದೆಂತಕ್ಕೆ ದೊಡ್ಡಮ್ಮಾ?”

“ನೀನು ಹಾಡ್ತಾ ಹಾಡ್ತಾ ಹಿಂದೆ ಬೀಳ್ತೆ. ದಾರಿ ಮೇಲೆ ನಿನ್ನ ಕಣ್ಣೇ ಇಲ್ಲ!”

ವಾಪಸು ಬರುವಾಗ ಒಂದೊಂದನ್ನೂ ತೆಗೆದುಬಿಡುತ್ತಿದ್ದಳು. ಒಂದು ಸಂಜೆ ಒಂದನ್ನು ಮರೆತದ್ದು ನೆನಪಾಗಿ, ಹೊರೆ ಇಳಿಸಿ ಮತ್ತೆ ಬೆಟ್ಟ ಹತ್ತಿದಳು. “ಸೊಪ್ಪು ಇದ್ರೆ ಬೆಟ್ಟದಲ್ಲಿ ಇನ್ನೂ ಜನ ಇದ್ದಾರೆ ಅಂತ ಲೆಕ್ಕ. ಹುಡುಕೂಕೆ ಹೋದವ್ರಿಗೆ ಎಂತ ಹೇಳ್ತ್ರಿ?” ಎಂದು ನಮಗೆಲ್ಲ ಬೈದು ಹೋದಳು.

ಮೊಮ್ಮಗಳು ಹೊರಡುತ್ತೇನೆಂದಾಗ ನನ್ನ ಮಗ ಬೇಡವೆಂದು ಹಟ ಹಿಡಿದಿದ್ದ. ಗುರುತಿಲ್ಲದ ದೇಶ, ಒಬ್ಬಳೇ ಹುಡುಗಿ. “ಹೋಗ್ಲಿ ಬಿಡು ಮಗಾ. ಅವಳಿಗೆ ಸೊಪ್ಪಿಟ್ಟು ದಾರಿ ನೋಡೂಕೆ ಕಲ್ಸಿದ್ದು ನಾನು. ಬತ್ತಾಳೆ” ಎಂದೆ. ನನ್ನ ಮಾತಿನ ಮೇಲೆ ಕಳಿಸಿದ. ಅವಳು ಹೊರಟ ದಿನ ನಮ್ಮ ಓಣಿ ಹೆದ್ದಾರಿ ಸೇರುವಲ್ಲಿ ಹಲಸಿನ ಟೊಂಗೆಯಿಟ್ಟು ಕಲ್ಲು ಹೇರಿದೆ.

“ಆಯೀ, ಅವಳು ಹೋದದ್ದು ವಿಮಾನದಲ್ಲಿ” ಎಂದು ಮಗ ನಕ್ಕ. ನಗಲಿ! ಒಣಗಿದಾಗಲೆಲ್ಲ ಹೊಸದು ಇಟ್ಟೆ.

ಅವಳು ಸುಮ್ಮನೆ ಕೂರುವವಳಲ್ಲ. ವಿಯೆನ್ನಾ, ಪ್ರಾಗ್ ಎಂದು ಊರೂರು ಸುತ್ತಿದಳು. ಸೇತುವೆ, ಟ್ರಾಮು, ಹಿಮ ಎಲ್ಲವನ್ನೂ ಫೋನಿನಲ್ಲಿ ತೋರಿಸಿದಳು. ಒಂದನ್ನು ಮಾತ್ರ ಇವತ್ತಿನವರೆಗೆ ಮುಚ್ಚಿಟ್ಟಿದ್ದಳು. ಆಸ್ಟ್ರಿಯಾದ ಬೆಟ್ಟವೊಂದರಲ್ಲಿ ಗೆಳತಿಯರ ಜೊತೆ ಜಲಪಾತ ನೋಡಲು ಮರಗಳಿಗೆ ಬಣ್ಣ ಬಳಿದು ಗುರುತು ಮಾಡಿದ ದಾರಿ ಬಿಟ್ಟು ಹೋದರಂತೆ. ವಾಪಸು ಬರುವಾಗ ಮಂಜು ಮುಚ್ಚಿತು. ಫೋನೂ ಸತ್ತಿತು.

“ಅವ್ರೆಲ್ಲ ಅಳೂಕೆ ಶುರು ಮಾಡಿದ್ರು ಅಜ್ಜಿ. ನಾನು ಹೋಗುವಾಗ್ಲೇ ಕವಲಿಗೆಲ್ಲ ಸೊಪ್ಪು ಇಟ್ಟಿದ್ದೆ. ಬರುವಾಗ ಎಲ್ಲ ತೆಗ್ದೆ. ಇದು ಕಡೇದು.”

“ಆವಾಗ್ಲೇ ಎಂತಕ್ಕೆ ಹೇಳ್ಲಿಲ್ಲೆ?”

“ಅಪ್ಪ ಮಾರನೇ ದಿನವೇ ವಾಪಸ್ ಕರ್ಸ್ತಿದ್ದ!”

ಕುಮಟೆಯಿಂದಾಚೆ ಕಾಣದ ದೊಡ್ಡಮ್ಮ. ಅವಳು ಇಟ್ಟ ಸೊಪ್ಪು ಎಷ್ಟು ದೂರ ಹೋಯಿತು… ಇದನ್ನು ಹೇಳೋಣವೆಂದರೆ ಕೆಳಗಿನ ಮನೆಯಲ್ಲಿ ಅವಳಿಲ್ಲ. ತೀರಿಹೋಗಿ ಬಹಳ ವರ್ಷವಾಯಿತು.

ಆಗ ನೆನಪಾಯಿತು. ಬೆಳಿಗ್ಗೆಯ ಸಂಭ್ರಮದಲ್ಲಿ ಓಣಿಯ ಸೊಪ್ಪನ್ನೇ ಮರೆತಿದ್ದೆ! ಇಬ್ಬರೂ ಹೋದೆವು. ಮೊಮ್ಮಗಳೇ ಕಲ್ಲೆತ್ತಿ ಟೊಂಗೆಯನ್ನು ಬದಿಗೆ ಎಸೆದಳು. “ಆತು ಅಜ್ಜಿ. ಇನ್ನು ಬೆಟ್ಟದಲ್ಲಿ ಯಾರೂ ಇಲ್ಲ.”

ದೊಡ್ಡಮ್ಮ ಒಬ್ಬಳಿದ್ದಾಳೆ ಎಂದು ಬಾಯಿಗೆ ಬಂತು… ಮೊಮ್ಮಗಳ ಕೈ ಹಿಡಿದು ಮನೆ ಕಡೆ ತಿರುಗಿದೆ.

ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಮಗ ತನ್ನ ತಟ್ಟೆಯ ಮೀನನ್ನೂ ಮಗಳಿಗೆ ಬಡಿಸಿ, ಮೆಲ್ಲಗೆ ಕೇಳಿದ: “ಇನ್ನೂ ಎಲ್ಲಿಗಾದ್ರೂ ಹೋಗೂದುಂಟೇನೆ?”

ಅವಳು ನನ್ನ ಮುಖ ನೋಡಿದಳು.

“ಹೋಗ್ಲಿ ಮಗಾ” ಎಂದೆ. “ಹಿತ್ತಲಲ್ಲಿ ಸೊಪ್ಪು ಬೇಕಾದಷ್ಟುಂಟು.”