ಅಧ್ಯಕ್ಷರು ‘ರೀ’ ಅಂದ ದಿನ

ಗೋಕಾಕದಲ್ಲಿ ವರದಿಗಾರನಾಗಿ ನಾನು ಬರೆದ ಸೈಬರ್ ವಂಚನೆಯ ಸುದ್ದಿಗಳ ಕೊನೆಯ ಸಾಲು ಬಹುಕಾಲ ಒಂದೇ ಆಗಿತ್ತು: ಭಾಷೆ ಗಮನಿಸಿ. ಮೋಸದ ಸಂದೇಶಗಳ ಕನ್ನಡ ಎಲ್ಲಿಂದಲೋ ಅನುವಾದಗೊಂಡು ಬಂದಂತಿರುತ್ತಿತ್ತು. ಹುಕ್ಕೇರಿ ಕಡೆಯ ಒಂದು ಸಹಕಾರಿ ಸಂಘದ ಪ್ರಕರಣದ ನಂತರ ಆ ಸಾಲು ಬರೆಯುವುದನ್ನು ಬಿಟ್ಟೆ. ಅಲ್ಲಿನ ಕಾರ್ಯದರ್ಶಿಗೆ ಫೋನಿನಲ್ಲಿ ಕೇಳಿಸಿದ್ದು ಅವರ ಅಧ್ಯಕ್ಷರದೇ ದನಿ, ಅದೇ ಕೆಮ್ಮು. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಆ ದನಿ ಪಾಸ್‌ವರ್ಡ್ ಕೇಳಿತು, ಇವರು ಹೇಳಿಬಿಟ್ಟರು. ಸಂಜೆಯೊಳಗೆ ವಂಚಕರು ಸಂಘದ ಕಂಪ್ಯೂಟರುಗಳಿಗೆಲ್ಲ ಬೀಗ ಹಾಕಿದ್ದರು, ಒಂದೂ ತೆರೆಯಲಿಲ್ಲ. “ನಮ್ಮಂಗ ಐತಿ ಅಂತನ ಅಂತಿತ್ತರೀ, ಇದೆ ಅನ್ನಲಿಲ್ಲ,” ಎಂದು ಅವರು ನನಗೆ ಮತ್ತೆ ಮತ್ತೆ ಹೇಳಿದರು.

ಉಳಿದ ಸಂಘಗಳು ಏನು ಎಚ್ಚರ ವಹಿಸಿವೆ ಎಂದು ಬರೆಯಲು ಮೂಡಲಗಿ ಹತ್ತಿರದ ಒಂದು ಹಾಲಿನ ಸಂಘಕ್ಕೆ ಹೋದೆ. ಅನುಮಾನದ ಇಮೇಲ್‌ಗಳನ್ನು ತಾನೇ ಹಿಡಿದು ಬದಿಗಿಡುವ ತಂತ್ರಾಂಶ ಬಂದಿತ್ತು. ಅದೂ ಕೃತಕ ಬುದ್ಧಿಮತ್ತೆಯದೇ. ಅದನ್ನು ನೋಡಿಕೊಳ್ಳುತ್ತಿದ್ದ ಆಪರೇಟರ್ ತಾತ್ಕಾಲಿಕ ನೌಕರಿಯ ಯುವತಿ. ಆಕೆಯನ್ನು ಖಾಯಂ ಮಾಡುವ ಠರಾವು ಮರುದಿನದ ಸಭೆಯಲ್ಲಿತ್ತು.

“ಮೇಲ್ ಬಂದ್ರ ಇದು ಹಿಡೀತೈತ್ರಿ. ಫೋನ್ ಬಂದ್ರ ನಾನ ಹಿಡೀಬೇಕು,” ಎಂದಳು.

ಅಷ್ಟರಲ್ಲಿ ಫೋನ್ ಬಂತು. ಅಪರಿಚಿತ ನಂಬರು. ಸ್ಪೀಕರ್ ಹಾಕಿದಳು.

“ಅಧ್ಯಕ್ಷ ಮಾತಾಡಾಕತ್ತೇನ್ರಿ, ಹಿಡಕಲ್‌ದಿಂದ. ಸಂಘದ ಪಾಸ್‌ವರ್ಡ್ ಸ್ವಲ್ಪ ಹೇಳ್ತೀರೇನ್ರಿ?”

ಆಕೆ ಕಟ್ ಮಾಡಿದಳು. “ದನಿ ಖರೆ ಅವರದ. ಆದರ ಅವರು ನನಗ ಎಂದಾರ ‘ರೀ’ ಅಂದಾರೇನು? ‘ಏ ಹುಡುಗಿ’ ಅಂತಾರ.”

ಅಧ್ಯಕ್ಷರ ಸ್ವಂತ ನಂಬರಿಗೆ ಹಚ್ಚಿದಳು, ಸ್ವಿಚ್ ಆಫ್. ಮೊದಲಿನ ನಂಬರಿನಿಂದ ಮತ್ತೆ ಕರೆ ಬಂತು. “ನಮ್ಮ ಸಾಹೇಬ್ರಂಗ ಮಾತಾಡೂದು ಇನ್ನೂ ಪೂರಾ ಬಂದಿಲ್ಲ ನಿನಗ. ಕಲ್ತ ಬಾ,” ಎಂದು ಇಟ್ಟಳು.

ಮಧ್ಯಾಹ್ನ ಅಧ್ಯಕ್ಷರೇ ಬಂದು ನಿಂತರು. ಅವರ ಮೊಬೈಲಿನ ಚಾರ್ಜು ಮುಗಿದಿತ್ತಂತೆ. ಬೆಳಗಾವಿಯ ಅತಿಥಿಯೊಬ್ಬರಿಗೆ ಸಂಘದ ಲೆಕ್ಕ ತೋರಿಸಲೆಂದು ಅವರದೇ ಫೋನಿನಿಂದ, ಅವರ ಎದುರಿಗೇ ಕರೆ ಮಾಡಿದ್ದರು. ಹೊರಗಿನವರ ಮುಂದೆ ‘ಏ ಹುಡುಗಿ’ ಅನ್ನುವುದು ಚೆನ್ನಾಗಿರದೆಂದು ‘ರೀ’ ಹಚ್ಚಿದ್ದರು.

“ಮಂದಿ ಮುಂದ ನನಗ ಕಲ್ತ ಬಾ ಅಂದಿ. ನನ್ನ ದನಿ ಗೊತ್ತಾಗಲಿಲ್ಲೇನ?”

“ಗೊತ್ತಾತ್ರಿ. ಅದಕ್ಕ ಅಂಜಿದ್ನಿ.”

ಅವರು ಒಳಗೆ ಹೋದರು. “ಖಾಯಂ ಆಗೂದು ಮುಗೀತು,” ಎಂದು ಆಕೆ ಪರದೆಯತ್ತ ತಿರುಗಿ ಕುಳಿತಳು.

ಗೋಕಾಕದ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನಮ್ಮ ಕಡೆ ದನಿಯೇ ಗುರುತು, “ಯಾರು?” ಎಂದು ಕೇಳಿದರೆ ಪರಿಚಿತರು ಮುನಿಸಿಕೊಳ್ಳುತ್ತಾರೆ. ಈಗ ದನಿ ಹೆಚ್ಚು ಹೋಲಿದಷ್ಟೂ ಹೆಚ್ಚು ಅನುಮಾನಿಸಬೇಕಾಗಿದೆ. ಆಕೆ ಹಿಡಿದ ಸುಳಿವೂ ಬಹಳ ದಿನ ಬಾಳುವುದಿಲ್ಲ. ‘ಏ ಹುಡುಗಿ’ ಎನ್ನುವುದನ್ನು ಯಂತ್ರ ನಾಳೆ ಕಲಿತೀತು. ಉಳಿಯುವುದು, ಯಾರೇ ಕೇಳಿದರೂ ಕೊಡದಿರುವ ಅವಳ ಹಟ ಮಾತ್ರ.

ಮರುದಿನದ ಸಭೆಗೂ ಹೋದೆ. ಆಕೆಯ ಠರಾವು ಬಂದಾಗ ಸದಸ್ಯರೊಬ್ಬರು ನಗುತ್ತ, “ನಿಮ್ಮನ್ನ ಬೈದಾಕೀನ ಏನು ಮಾಡೂನ್ರಿ?” ಎಂದು ಕೆಣಕಿದರು.

ಅಧ್ಯಕ್ಷರು ನಗಲಿಲ್ಲ. “ಖಾಯಂ ಮಾಡ್ರಿ. ಸಂಜಿಮುಂದ ನಾ ಫೋನ್ ಹಚ್ಚಿ ಬ್ಯಾಡ ಅಂದ್ರೂ ಮಾಡ್ರಿ. ಅದು ನಾನಲ್ಲ.”