ಎರಡೇ ಸೀಟಿನ ಕಾರಿನಲ್ಲಿ ಮೊಮ್ಮಗಳ ಕುರ್ಚಿ

ಮಗಳು ಸತ್ತದ್ದು ಚಿತ್ತಾಪುರ ದಾಟಿದ ಮೇಲೆ, ದಾರಿಯಲ್ಲಿ. ನಮ್ಮ ಮನೆಯಿಂದ ಗಂಡನ ಮನೆಗೆ ಹೊರಟಿದ್ದಳು. ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಜೀಪು ನಿಂತ ಲಾರಿಗೆ ಬಡಿಯಿತು. ಕೂಸಿಗೆ ಹಣೆಯ ಮೇಲೊಂದು ಸಣ್ಣ ಗಾಯ, ಅಷ್ಟೇ. ಅವಳು ಕೂಸಿನ ಮೇಲೆ ಬಗ್ಗಿಕೊಂಡಿದ್ದಳಂತೆ.

ಮಾತಾಡಿಸಲು ಬಂದವರೆಲ್ಲ ತಾಯಿಯ ಮಡಿಲೇ ಕೂಸನ್ನು ಉಳಿಸಿತು ಅಂದರು. ನನ್ನ ಹೆಂಡತಿ ಆ ಮಾತನ್ನು ಹಿಡಿದುಕೊಂಡೇ ದಿನ ದೂಡಿದಳು. ನನಗೆ ಆಸ್ಪತ್ರೆಯ ಡಾಕ್ಟರು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದಿತ್ತು. ಅಂಥ ಪೆಟ್ಟು ಬಿದ್ದಾಗ ಯಾರ ಕೈಯಲ್ಲೂ ಕೂಸು ನಿಲ್ಲುವುದಿಲ್ಲ, ಈ ಸಲ ನಿಂತದ್ದು ದೈವ, ಇನ್ನೊಮ್ಮೆ ಅದನ್ನು ನಂಬಿ ಕೂರಬೇಡಿ ಅಂದಿದ್ದರು. ಇದನ್ನು ನಾನು ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವಳಿಗೆ ಉಳಿದಿದ್ದ ಒಂದೇ ಸಮಾಧಾನವೂ ಹೋಗುತ್ತಿತ್ತು.

ಅಂದಿನಿಂದ ಮೊಮ್ಮಗಳು ಶಹಾಬಾದಿನಲ್ಲಿ ನಮ್ಮ ಹತ್ತಿರವೇ ಇದ್ದಳು. ಅಳಿಯನದು ಚಿಂಚೋಳಿಯಲ್ಲಿ ಟೈರಿನ ಅಂಗಡಿ. ಬಿಡುವಾದಾಗ ಬರುತ್ತಿದ್ದ, ಮಗಳನ್ನು ಎತ್ತಿಕೊಳ್ಳುತ್ತಿದ್ದ, ಅವಳು ಅತ್ತರೆ ಕೆಳಗಿಳಿಸಿ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದ. ಕೂಸಿಗೆ ಮೂರು ತುಂಬುತ್ತ ಬಂದಿತ್ತು. ದೀಪಾವಳಿ ಮುಗಿದ ಮೇಲೆ ಒಂದು ದಿನ ನೆಲ ನೋಡುತ್ತ ಕೇಳಿದ.

"ಮಾವಾ, ಇಷ್ಟು ದಿನ ನೀವು ನೋಡೀರಿ. ನಾ ಇಲ್ಲ ಅನ್ನಂಗಿಲ್ಲ. ಖರೇ ಅದು ನನ್ನ ಮಗಳೂ ಹೌದಲ್ರಿ. ಹಿಂಗೇ ಬಿಟ್ರ ನನ್ನ ಗುರುತೇ ಮರೀತಾಳ."

ಒಪ್ಪಿಕೊಂಡೆ. ಒಂದು ಮಾತು ಮಾತ್ರ ಕೇಳಿಕೊಂಡೆ. ಕೂಸು ಯಾರ ಮಡಿಲಲ್ಲೂ ಹೋಗಬಾರದು. ತನ್ನದೇ ಕುರ್ಚಿಯಲ್ಲಿ ಬೆಲ್ಟು ಕಟ್ಟಿಕೊಂಡು ಹೋಗಬೇಕು. ಅವನು ಹೈದರಾಬಾದಿಗೆ ಹೋಗಿ ಮಕ್ಕಳ ಸೀಟು ತಂದ. ಸ್ಟೇಷನ್ನಿನ ಹತ್ತಿರ ಬಾಡಿಗೆ ಕಾರು ನಿಲ್ಲಿಸುವವರನ್ನು ಹೋಗಿ ಕೇಳಿದೆವು. ಅವರೆಲ್ಲ ಹೊಸ ಸೀಟುಕವರು ಹೊಲಿಸುವಾಗ ಹಿಂದಿನ ಬೆಲ್ಟುಗಳನ್ನು ಕವರಿನಡಿಗೆ ಸೇರಿಸಿಬಿಟ್ಟಿದ್ದರು. ಒಬ್ಬ ಡ್ರೈವರು ಅಷ್ಟು ಸಣ್ಣ ಕೂಸಿಗೆ ಕುರ್ಚಿ ಯಾಕೆ, ಅಜ್ಜನ ತೊಡೆ ಏನಾಗಿದೆ ಎಂದು ನಗಾಡಿದ. ನಾವು ತಿರುಗಿ ಬಂದೆವು.

ಉಳಿದದ್ದು ಅಳಿಯನ ಕಾರು. ಕೆಂಪು ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ, ನೆಲಕ್ಕೆ ಹತ್ತಿದಂತಿರುವ ರೇಸಿನ ಕಾರು. ಮದುವೆಗೆ ಮುಂಚೆ ಹೈದರಾಬಾದಿನ ಪರಿಚಯದವರೊಬ್ಬರಿಂದ ಹಳೆಯದನ್ನು ಕೊಂಡಿದ್ದ. ಮದುವೆಯಾದ ಹೊಸತರಲ್ಲಿ ಮಗಳು ಅದರಲ್ಲಿ ಬಂದಿಳಿದಾಗ ಓಣಿಯ ಹೆಂಗಸರು ಸುತ್ತ ನೆರೆದಿದ್ದರು. ಎದುರು ಮನೆಯ ಮುದುಕಿ ಒಳಗೆ ಹಣಿಕಿ ನೋಡಿ, "ಇದರಾಗ ಕುಂದ್ರೂದಂದ್ರ ಬಾವ್ಯಾಗ ಇಳದಂಗವ್ವ, ಹೊರಗ ಬರ್ಲಿಕ್ಕ ಹಗ್ಗಾನೂ ಇಟ್ಟೀರೋ ಇಲ್ಲೋ" ಅಂದಿದ್ದಳು. ಮಗಳು ಬಾಗಿಲು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಿದ್ದಳು.

ಆ ಕಾರಿನಲ್ಲಿ ಕುರ್ಚಿ ಕೂಡಿಸಲು ಅಳಿಯ ಒಂದು ಭಾನುವಾರ ಬೆಳಗ್ಗೆ ಬಂದ. ಅಂದು ಕೂಡದಿದ್ದರೆ ಮುಂದೇನು ಎಂಬುದು ಮೊದಲೇ ತೀರ್ಮಾನವಾಗಿತ್ತು. ಬೀಗಿತ್ತಿ ಮರುದಿನ ತಾನೇ ಬಸ್ಸಿಗೆ ಬಂದು, ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೋಗುವುದಾಗಿ ಹೇಳಿ ಕಳಿಸಿದ್ದಳು. ಅವಳದೂ ತಪ್ಪಲ್ಲ. ನಾವೆಲ್ಲ ಮಕ್ಕಳನ್ನು ಹಾಗೆಯೇ ಬೆಳೆಸಿದವರು. ಆದರೆ ಬಸ್ಸೋ ಸೇಡಂನಿಂದ ಮುಂದಕ್ಕೆ ಜೀಪೋ, ಅದೇ ರಸ್ತೆ, ಅದೇ ಸಿಮೆಂಟಿನ ಲಾರಿಗಳು.

ಕುರ್ಚಿ ಕೂಡಲಿಲ್ಲ. ಕಾರಿನ ಸೀಟು ಬುಟ್ಟಿಯ ಹಾಗೆ ನಡುವೆ ತಗ್ಗು, ಎರಡೂ ಬದಿಗೆ ಎತ್ತರ. ಮಕ್ಕಳ ಸೀಟಿನ ತಳ ಆ ಎತ್ತರದ ಅಂಚುಗಳ ಮೇಲೆ ನಿಂತು ನಡುವೆ ಪೊಳ್ಳಾಗುತ್ತಿತ್ತು. ಬೆಲ್ಟು ಎಷ್ಟು ಎಳೆದರೂ ಕೈಯಿಂದ ಅಲುಗಿಸಿದರೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಅಳಿಯ ಕಾರಿನ ಸೀಟನ್ನು ಪೂರಾ ಹಿಂದಕ್ಕೆ ಸರಿಸಿದ, ಕೂಸಿನ ಮುಖಕ್ಕೆ ಸಿಡಿಯಬಾರದೆಂದು ಆ ಬದಿಯ ಏರ್‌ಬ್ಯಾಗನ್ನು ಕೀಲಿ ತಿರುಗಿಸಿ ಬಂದ್ ಮಾಡಿದ, ಫೋನಿನಲ್ಲಿ ವಿಡಿಯೋ ಹಾಕಿ ಹಾಕಿ ನೋಡಿದ. ಅದರಲ್ಲಿ ತೋರಿಸಿದ ಕಾರುಗಳಿಗೆಲ್ಲ ಹಿಂದೆ ಅಗಲವಾದ ಸೀಟು ಇತ್ತು. ಬಗ್ಗಿ ಬಗ್ಗಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನನಗೆ ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಆದರೂ ಬಗ್ಗುತ್ತಿದ್ದೆ.

ಪಕ್ಕದ ಮನೆಯವನು ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವವನು. ನಾನು ಪಾಲಿಶ್ ಮಷಿನ್ನಿನಲ್ಲಿ ದುಡಿಯುತ್ತಿದ್ದಾಗ ನನ್ನ ಜೊತೆ ಕೆಲಸ ಕಲಿತವನು. ಬಂದು ಒಳಗೆ ಕೈಹಾಕಿ ಪೊಳ್ಳನ್ನು ಮುಟ್ಟಿ ನೋಡಿ, "ಕಾಕಾ, ಇದಕ್ಯಾಕ ಇಷ್ಟು ಒದ್ದಾಡ್ಲಿಕತ್ತೀರಿ? ಅಡ್ಯಾಗ ಒಂದು ಕಲ್ಲು ಕೊಟ್ರ ಆತು" ಅಂದ. ನಮಗ್ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಮ್ಮೂರಲ್ಲಿ ಏನು ಓರೆಯಾದರೂ ಅದರ ಕೆಳಗೆ ಪರ್ಸಿ ಕೊಡುತ್ತೇವೆ. ಮಂಚದ ಕಾಲಿಗೆ, ನೀರಿನ ಡ್ರಮ್ಮಿಗೆ, ಅಂಗಡಿಯ ಬೆಂಚಿಗೆ, ಎಲ್ಲಕ್ಕೂ ಅದೇ. ಮಗಳನ್ನು ಹೂತ ಮಣ್ಣಿನ ಮೇಲೂ ಒಂದು ಪರ್ಸಿಯನ್ನೇ ಇಟ್ಟು ಬಂದಿದ್ದೆವು.

ಅವನು ಅಳತೆ ತೆಗೆದುಕೊಂಡು ಹೋಗಿ, ಮೂಲೆ ಉಜ್ಜಿ ನುಣುಪು ಮಾಡಿದ ಒಂದು ತುಂಡು ತಂದ. ತಗ್ಗಿನಲ್ಲಿ ಅದು ಸರಿಯಾಗಿ ಕೂತಿತು. ಅದರ ಮೇಲೆ ಕುರ್ಚಿ ಇಟ್ಟು ಬೆಲ್ಟು ಎಳೆದಾಗ ಗೋಡೆಯ ಹಾಗೆ ನಿಂತಿತು. ಅಳಿಯನ ಮುಖ ಸಡಿಲಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ನಾನು ಕುರ್ಚಿಯನ್ನು ಇನ್ನೊಮ್ಮೆ ಅಲುಗಿಸಲು ಕೈಯಿಟ್ಟಾಗ ಬೆರಳಿಗೆ ಕಲ್ಲಿನ ಅಂಚು ತಣ್ಣಗೆ ತಾಗಿತು. ಕಲ್ಲಿನ ಕೆಲಸದಲ್ಲಿದ್ದಾಗ ಲಾರಿ ಡ್ರೈವರೊಬ್ಬ ಒಮ್ಮೆಲೆ ಬ್ರೇಕು ಹಾಕಿ ಹಿಂದಿದ್ದ ಪರ್ಸಿ ಜಾರಿ ಮುಂದಿನ ಹಲಗೆಯನ್ನೇ ಸೀಳಿದ್ದನ್ನು ನಾನು ಕಣ್ಣಾರೆ ಕಂಡವನು.

"ಒಮ್ಮಿಗಲೇ ಬ್ರೇಕ್ ಹಾಕಿದ್ರ ಈ ಕಲ್ಲು ಎಲ್ಲಿಗಿ ಹೋಗ್ತದ?" ಎಂದು ಕೇಳಿದೆ.

ಪಕ್ಕದ ಮನೆಯವನೇ ಬೆಲ್ಟು ಬಿಚ್ಚಿ, ಕಲ್ಲು ಎತ್ತಿ ಹೆಗಲಿಗಿಟ್ಟುಕೊಂಡ. "ನಮಗ ಕಲ್ಲು ಬಿಟ್ರ ಬ್ಯಾರೆ ಬುದ್ಧಿ ಎಲ್ಲದ ಕಾಕಾ" ಎಂದು ನಗಲು ನೋಡಿದ. ನಗೆ ಬರಲಿಲ್ಲ, ಹೊರಟುಹೋದ.

ಆಗ ಅಳಿಯ ಕಾರಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ನಾನು ನಿಂತೇ ಇದ್ದೆ. ಕೂಡದಿದ್ದರೆ ಇಂದು ರಾತ್ರಿ ಕೂಸು ನಮ್ಮ ಮನೆಯಲ್ಲೇ ಮಲಗುತ್ತಾಳೆ ಎಂದು ಮನಸ್ಸಿಗೆ ಒಂದು ಕ್ಷಣ ಹಿತವೆನಿಸಿದ್ದು ಸುಳ್ಳಲ್ಲ. ಅದರ ಬೆನ್ನಿಗೇ ಬೆಳಗಿನ ಬಸ್ಸು ಕಣ್ಣ ಮುಂದೆ ಬಂತು. ಕೂತವನ ತೋಳು ಹಿಡಿದು ಎಬ್ಬಿಸಿದೆ. ಮಗಳ ಮಣ್ಣಾದ ದಿನದಿಂದ ನಾನು ಅವನನ್ನು ಮುಟ್ಟಿರಲಿಲ್ಲ. ಇನ್ನೊಂದು ಸಲ ನೋಡೋಣ ಅಂದೆ.

ಈ ಸಲ ಅವನು ಕಾರಿನ ಸೀಟಿನ ಬೆನ್ನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ತಲೆದಿಂಬನ್ನು ಕಿತ್ತು ತೆಗೆದ. ಕುರ್ಚಿಯ ಬೆನ್ನು ಅದಕ್ಕೆ ಪೂರಾ ಆತುಕೊಂಡಿತು. ನಾನು ಚಪ್ಪಲಿ ಬಿಟ್ಟು ಒಳಗೆ ಹೊಕ್ಕು, ಕೂಸು ಕೂರುವ ಜಾಗದಲ್ಲಿ ಮೊಣಕಾಲೂರಿ, ತಲೆಯನ್ನು ಮೇಲಿನ ತಗಡಿಗೆ ಒತ್ತಿಕೊಂಡು ಇದ್ದ ಭಾರವನ್ನೆಲ್ಲ ಬಿಟ್ಟೆ. ಬದಿಯ ಅಂಚುಗಳು ತಗ್ಗಿದವು, ತಳ ನಡುವಿಗೆ ಇಳಿಯಿತು. ಅವನು ಬೆಲ್ಟನ್ನು ಎರಡೂ ಕೈಯಿಂದ ಎಳೆದ. ಬಿಟ್ಟೆವು, ಅಲುಗಿಸಿದೆವು. ಅಲುಗಲಿಲ್ಲ. ಮತ್ತೆ ಮತ್ತೆ ಅಲುಗಿಸಿದೆವು. ಕುರ್ಚಿಯ ಬದಲು ಇಡೀ ಕಾರೇ ಅಲುಗಿತು.

ಇನ್ನು ನನಗೆ ಹೇಳಲು ಯಾವ ನೆವವೂ ಉಳಿಯಲಿಲ್ಲ. ಇದ್ದ ಎರಡು ಸೀಟಿನಲ್ಲಿ ಒಂದು ಅಳಿಯನಿಗೆ, ಇನ್ನೊಂದರಲ್ಲಿ ಕುರ್ಚಿ. ಜೊತೆಗೆ ಹೋಗುತ್ತೇನೆ ಅನ್ನಲೂ ಜಾಗವಿರಲಿಲ್ಲ.

ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಹೊಸ ಫ್ರಾಕು, ಎಣ್ಣೆ ಹಚ್ಚಿ ಬಾಚಿದ ತಲೆ. ನಡುವಿಗೆ ಹಸಿರು ಕುಪ್ಪಸದ ಬಟ್ಟೆ ಕಟ್ಟಿ ಉಡಿ ತುಂಬಿದ್ದಳು. ಅಕ್ಕಿ, ಒಣ ಕೊಬ್ಬರಿಯ ಬಟ್ಟಲು, ಅರಿಶಿಣದ ಕೊಂಬು, ಅಡಕೆ, ಬೆಲ್ಲ. ತವರಿನಿಂದ ಹೊರಟ ಹೆಣ್ಣುಮಗಳನ್ನು ಖಾಲಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತಾಯಿಯ ಪಾಲಿನದೂ ಇದಕ್ಕೇ ಸೇರಲಿ ಎಂದು ಎರಡು ಪಾಲು ತುಂಬಿದ್ದಳು. ಕೂಸಿನ ಹೊಟ್ಟೆಯ ಮುಂದೆ ಇನ್ನೊಂದು ಕೂಸಿನಷ್ಟು ಗಂಟು.

ಕುರ್ಚಿಯಲ್ಲಿ ಕೂಡಿಸಿದೆ. ಹೆಗಲ ಪಟ್ಟಿ, ತೊಡೆಯ ಪಟ್ಟಿ ಎಲ್ಲ ಬಂದು ಸೇರುವುದು ಹೊಟ್ಟೆಯ ಕೆಳಗೆ. ಗಂಟಿನ ಮೇಲೆಯೇ ಬಿಗಿದೆ. ಬಿಗಿಯಾಯಿತು ಅನ್ನಿಸಿತು. ಗಂಟನ್ನು ಒತ್ತಿದಾಗ ಅಕ್ಕಿ ಸರಿದು, ಪಟ್ಟಿಯ ಒಳಗೆ ನನ್ನ ಮುಷ್ಟಿ ಹಿಡಿಯುವಷ್ಟು ಜಾಗ ಬಿಟ್ಟುಕೊಂಡಿತು.

ಉಡಿ ಬಿಚ್ಚಬೇಕಾಗುತ್ತದೆ ಅಂದೆ. ಹೆಂಡತಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ತುಂಬಿದ ಉಡಿ ಬಿಚ್ತಾರೇನ್ರಿ? ಇದರ ತಾಯಿ ಉಡಿ ತುಂಬಿಸ್ಕೊಂಡು ಹೋದಾಕಿ, ಅದಕ್ಕೇ ಈ ಕೂಸು ಉಳದದ."

ಡಾಕ್ಟರ ಮಾತನ್ನು ಆಗಲೂ ನಾನು ಹೇಳಲಿಲ್ಲ. ಅವಳನ್ನು ಬದಿಗೆ ಸರಿಸಿ, ಬಗ್ಗಿ ಗಂಟು ಬಿಚ್ಚಿದೆ. ಅಕ್ಕಿ ಚೆಲ್ಲಬಾರದೆಂದು ಬಟ್ಟೆಯ ನಾಲ್ಕೂ ತುದಿ ಹಿಡಿದು ಎತ್ತಿದೆ. ಆದರೂ ಒಂದಿಷ್ಟು ಅಕ್ಕಿ ಕುರ್ಚಿಯ ಸಂದಿಗೆ ಇಳಿಯಿತು. ಕೊಟ್ಟಾಗ ಅವಳು ಸೆರಗೊಡ್ಡಿ ತೆಗೆದುಕೊಂಡಳು. "ನಿಮ್ಮ ಕೈಲೇ ಬಿಚ್ಚಿದ್ರಿ" ಎಂದಷ್ಟೇ ಅಂದಳು.

ಪಟ್ಟಿ ಮತ್ತೆ ಬಿಗಿದೆ. ಈಗ ಒಳಗೆ ಬೆರಳು ಮಾತ್ರ ಹೋಗುತ್ತಿತ್ತು. ಕೂಸು ಇಷ್ಟು ಹೊತ್ತೂ ಇದೆಲ್ಲ ಆಟವೆಂದು ನೋಡುತ್ತಿದ್ದವಳು, ಅಪ್ಪ ಬಂದು ಪಕ್ಕದ ಸೀಟಿನಲ್ಲಿ ಕೂತಾಗ ಆ ಕಡೆ ಈ ಕಡೆ ನೋಡಿದಳು.

"ಮುತ್ಯಾ, ನೀ ಎಲ್ಲಿ ಕುಂದರ್ತಿ?"

"ಹಿಂದ ಕುಂದರ್ತೀನವ್ವ" ಅಂದೆ.

ಹಿಂದೆ ತಿರುಗಿ ನೋಡಲು ಹೋದಳು. ಕುರ್ಚಿಯ ಅಂಚು ಅವಳ ತಲೆಗೆ ಅಡ್ಡ ಬಂತು, ಕಾಣಲಿಲ್ಲ. ನಂಬಿದಳು. ನಾನು ಬಾಗಿಲು ಹಾಕಿದೆ. ಕಾರು ಓಣಿಯ ಉಬ್ಬಿಗೆ ಹೊಟ್ಟೆ ತಾಗಿಸಿಕೊಳ್ಳುತ್ತ ನಿಧಾನ ವಾಡಿಯ ರಸ್ತೆಗೆ ಹೊರಳಿತು.

ಅಂದು ಸಂಜೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಇಬ್ಬರೂ ಫೋನಿನ ಮುಂದೆ ಕೂತಿದ್ದೆವು. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಅಳಿಯನ ಫೋನು ಬಂತು. ಚಿಂಚೋಳಿ ಮುಟ್ಟಿದ್ದೇವೆ, ಕೂಸು ಆರಾಮದಲ್ಲಿದೆ, ದಾರಿಯಲ್ಲಿ ಕುರ್ಚಿ ಒಂದಿಷ್ಟೂ ಅಲುಗಲಿಲ್ಲ ಅಂದ. ಹೆಂಡತಿ ಕೈಮುಗಿದಳು. ಫೋನು ಇಡುತ್ತಾನೆ ಅಂದುಕೊಂಡೆ, ಇಡಲಿಲ್ಲ.

"ಮಾವಾ, ಸೇಡಂತನಾ ಹಿಂದ ನೀವಿದ್ದೀರಂತ ಮಾತಾಡ್ಕೋತ ಬಂದ್ಳರಿ. ನೀವು ಓ ಅನ್ನಲಿಲ್ಲಂತ ಅಳ್ಲಿಕ್ಕ ಶುರು ಮಾಡಿದ್ಳು. ಗಾಡಿ ನಿಲ್ಲಸಿ, ಇಳಸಿ, ಡಿಕ್ಕಿ ತಗದು ತೋರಸಬೇಕಾತು."

ತೋರಿಸಿದ ಮೇಲೆ ಏನಂದಳು ಎಂದು ಹೆಂಡತಿ ನನ್ನ ಕೈಯಿಂದ ಫೋನು ಕಸಿದುಕೊಂಡು ಕೇಳಿದಳು. ಡಿಕ್ಕಿಯೊಳಗೆ ಕೈಹಾಕಿ ತಡವಿ ನೋಡಿದಳಂತೆ. ಆಮೇಲೆ ತಾನೇ ಹೋಗಿ ಕುರ್ಚಿಯಲ್ಲಿ ಕೂತು, ಪಟ್ಟಿ ಹಾಕು ಎಂದು ಅಪ್ಪನಿಗೆ ಎರಡೂ ಕೈ ಎತ್ತಿ ತೋರಿಸಿದಳಂತೆ.