ಗೂಡು ತೂತಾಗದ ಹಾಗೆ

ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಎದ್ದ ವರ್ಷಗಳಲ್ಲಿ ಚನ್ನಪಟ್ಟಣದ ಹತ್ತಿರದ ನಮ್ಮೂರ ಶಾಲೆಗೂ ನಾಲ್ಕು ಕಂಪ್ಯೂಟರ್ ಬಂದವು. ನಾನಾಗ ಐದನೇ ಕ್ಲಾಸು. ಅವುಗಳ ಜೊತೆ ಮಗ್ಗಿ ಕಲಿಸುವ ಒಂದು ಆಟವೂ ಬಂತು. ಬಣ್ಣ ಕಂಡರೆ ಮಕ್ಕಳಿಗೆ ಲೆಕ್ಕ ತಾನಾಗಿ ಬರುತ್ತದೆ ಎಂದು ಅದನ್ನು ಮಾಡಿದವರು ನಂಬಿದ್ದಿರಬೇಕು. ತಪ್ಪೇನಿಲ್ಲ. ನನಗೂ ಆ ಬಣ್ಣದ ಹುಚ್ಚು ಹಿಡಿದು, ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟು ಓಡುತ್ತಿದ್ದೆ.

ಆಟ ಇಷ್ಟೇ. ಉತ್ತರ ಸರಿಯಾದರೆ ಪರದೆ ಮೇಲಿನ ರೇಷ್ಮೆ ಹುಳ ಒಂದು ಸೊಪ್ಪು ತಿನ್ನುತ್ತದೆ. ತಿಂದು ತಿಂದು ಗೂಡು ಕಟ್ಟುತ್ತದೆ. ಕೊನೆಯ ಲೆಕ್ಕವೂ ಸರಿಯಾದರೆ ಗೂಡು ಒಡೆದು ಚಿಟ್ಟೆ ಹಾರಿ, ಮುಂದಿನ ಆಟ ತೆರೆಯುತ್ತದೆ.

ನಾನು ಗೂಡಿನವರೆಗೆ ಸರಸರ ಹೋಗಿ, ಕೊನೆಯ ಲೆಕ್ಕಕ್ಕೆ ತಪ್ಪು ಒತ್ತುತ್ತಿದ್ದೆ. ದಿನಾ. ಬೇಕೆಂದೇ.

ನಮ್ಮದು ಹುಳ ಸಾಕುವ ಮನೆ. ಚಿಟ್ಟೆ ಹೊರಬಂದರೆ ಗೂಡು ತೂತು, ನೂಲೆಲ್ಲ ತುಂಡು. ಅಂಥ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಬಿದಿರು ತಟ್ಟೆಯಿಂದ ಗೂಡು ಬಿಡಿಸುವುದು ಒಂದು ದಿನ ತಡವಾದರೂ ಅವ್ವನ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥ ಮನೆಯ ಹುಡುಗಿ ಕೈಯಾರೆ ಚಿಟ್ಟೆ ಬಿಡುವುದೇ?

ಪಕ್ಕದಲ್ಲಿ ಕೂರುತ್ತಿದ್ದವಳು ಕುರಿ ಸಾಕುವ ಮನೆಯವಳು. "ನಿಮ್ಮನೇದೇನೇ ಅದು? ಒತ್ತೇ ಸುಮ್ಕೆ!" ಎಂದು ರೇಗುತ್ತಿದ್ದಳು. ಕುರಿಯವರಿಗೇನು ಗೊತ್ತು ಗೂಡಿನ ಸಂಕಟ ಎಂದುಕೊಂಡು ನಾನು ಮತ್ತೆ ತಪ್ಪೇ ಒತ್ತುತ್ತಿದ್ದೆ.

ಒಂದು ಸೋಮವಾರ ಮಿಸ್ ಹೇಳಿಬಿಟ್ಟರು: ಶನಿವಾರದೊಳಗೆ ಚಿಟ್ಟೆ ಹಾರಿಸದವರು ಕಂಪ್ಯೂಟರ್ ಬಿಟ್ಟು ಬೇರೆಯವರಿಗೆ ಜಾಗ ಕೊಡಬೇಕು.

ಶನಿವಾರ ಮಿಸ್ ನನ್ನ ಬೆನ್ನ ಹಿಂದೆಯೇ ಬಂದು ನಿಂತರು. ನಾನು ಮತ್ತೆ ತಪ್ಪು ಒತ್ತಿದೆ.

"ಏಳೆಂಟ್ಲ ಎಷ್ಟು?" ಎಂದರು.

"ಐವತ್ತಾರು ಮಿಸ್."

"ಮತ್ತೆ ಐವತ್ನಾಲ್ಕು ಯಾಕೆ ಒತ್ತಿದೆ?"

"ಐವತ್ತಾರು ಒತ್ತುದ್ರೆ ಗೂಡು ತೂತಾಯ್ತದೆ ಮಿಸ್."

ಮಿಸ್ ಬೆಂಗಳೂರಿನಿಂದ ರೈಲಿನಲ್ಲಿ ಬರುವವರು. ತೂತಾದ ಗೂಡು ಮಾರ್ಕೆಟ್ಟಿನಲ್ಲಿ ಹೋಗುವುದಿಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ನಗಲಿಲ್ಲ, ಅದೊಂದು ಪುಣ್ಯ. "ಈ ಗೂಡನ್ನ ಯಾರೂ ಮಾರಲ್ಲ ಪುಟ್ಟ. ಒಂದ್ಸಲ ಬಿಟ್ಟು ನೋಡು" ಎಂದರು.

ಜಾಗ ಹೋಗುವ ಭಯಕ್ಕೆ ಒತ್ತಿದೆ. ಗೂಡು ಒಡೆಯಿತು. ನೀಲಿ, ಹಳದಿ, ಕೆಂಪು ರೆಕ್ಕೆಗಳು ಪರದೆ ತುಂಬ ಬಿಚ್ಚಿಕೊಂಡವು. ನಿಜವಾದ ರೇಷ್ಮೆ ಚಿಟ್ಟೆ ಮಾಸಲು ಬಿಳಿ, ಅದಕ್ಕೆ ಹಾರಲೂ ಬಾರದು. ಮನೆಯಲ್ಲಿ ಅಪ್ಪಿತಪ್ಪಿ ಒಂದು ಕಂಡರೆ ಅವ್ವ ಕೋಳಿಗೆ ಎಸೆಯುತ್ತಿದ್ದಳು. ಅದೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಭಾಗಾಕಾರದ ಆಟ ತೆರೆಯಿತು. ಜಾಗ ಉಳಿಯಿತು.

ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಗೂಡು ಬಿಡಿಸುತ್ತಾ ಕೂತಿದ್ದಳು. ಮರುದಿನ ಬೆಳಗ್ಗೆಯೇ ಅವು ರಾಮನಗರಕ್ಕೆ ಹೋಗಬೇಕಿತ್ತು.

"ಇವತ್ತೇನ್ ಕಲ್ತ್ಯವ್ವ?" ಎಂದಳು.

"ಏಳ್ರ ಮಗ್ಗಿ" ಎಂದು ಅವಳ ಪಕ್ಕ ಕೂತು ನಾನೂ ಗೂಡು ಬಿಡಿಸತೊಡಗಿದೆ. ಚಿಟ್ಟೆ ಚೆನ್ನಾಗಿತ್ತು ಎಂದು ಹೇಳಲು ಆ ಮನೆಯಲ್ಲಿ ನನಗೆ ಬಾಯಿ ಬರಲಿಲ್ಲ.